ಎರಡು ಬೆರಳಿಗೆ ಒಂದು ಸ್ತೋತ್ರ

ಮೊನ್ನೆ ಒಂದು ಭಾನುವಾರ ನಮ್ಮ ಚರ್ಚಿನಲ್ಲಿ ಒಬ್ಬರು ಎದ್ದು ನಿಂತು, ತಮ್ಮ ಫ್ಯಾಕ್ಟರಿಯಲ್ಲಿ ಕೆಲಸಗಾರನೊಬ್ಬನ ಎರಡೇ ಬೆರಳು ಹೋದದ್ದಕ್ಕಾಗಿ ದೇವರಿಗೆ ವಂದನೆ ಸಲ್ಲಿಸಿದರು.

ಎರಡೇ. ಇಡೀ ಕೈ ಹೋಗಬಹುದಿತ್ತಂತೆ. ಕರ್ತನು ಹೆಬ್ಬೆರಳು ಉಳಿಸಿಕೊಟ್ಟನಂತೆ. ಸಭೆಯೆಲ್ಲ ಒಂದೇ ದನಿಯಲ್ಲಿ ‘ಸ್ತೋತ್ರ’ ಎಂದಿತು. (ನಾನೂ ಎಂದೆ. ಐವತ್ತು ವರ್ಷದ ಅಭ್ಯಾಸ. ತಲೆ ಎಚ್ಚರವಾಗುವ ಮೊದಲೇ ಬಾಯಿ ಅಂದುಬಿಡುತ್ತದೆ.) ಆಮೇಲೆ ಕಾಣಿಕೆ ಚೀಲ ಬಂತು, ಹಾಡು ಬಂತು, ಹೊರಗೆ ಕಾಫಿ, ಬಿಸ್ಕತ್ತು ಬಂತು. ಬೆರಳು ಯಾಕೆ ಹೋಯಿತು ಎಂದು ಒಬ್ಬರೂ ಕೇಳಲಿಲ್ಲ.

ಎದ್ದು ನಿಂತವರು ಪ್ರೇಮಕುಮಾರ್. ನಮ್ಮ ಸಭೆಯ ಹಿರಿಯರು. ಪೀಣ್ಯದಲ್ಲಿ ಅವರದೊಂದು ಶೆಡ್ ಇದೆ. ತಗಡನ್ನು ಪ್ರೆಸ್‌ಗೆ ಕೊಟ್ಟು ಬ್ರಾಕೆಟ್ ಒತ್ತಿಸುವ ಕೆಲಸ. ಗೇಟಿನ ಮೇಲೆ ದೇವರ ವಾಕ್ಯದ ಬೋರ್ಡು. ಬೆಳಗಿನ ಶಿಫ್ಟ್ ಶುರುವಾಗುವ ಮೊದಲು ಎಲ್ಲರಿಗೂ ಐದು ನಿಮಿಷ ಕಡ್ಡಾಯ ಪ್ರಾರ್ಥನೆ. ಆಯುಧಪೂಜೆಯ ದಿನ ಅಲ್ಲಿ ಕುಂಬಳಕಾಯಿ ಒಡೆಯುವಂತಿಲ್ಲ, ಅದು ಮೂಢನಂಬಿಕೆ ಎಂದು ಅವರ ವಾದ. ಸರಿ, ಕುಂಬಳಕಾಯಿ ಬೇಡ. ಹಾಗಂತ ಸೇಫ್ಟಿಯೂ ಬೇಡವೇ?

ಬೆರಳು ಕಳೆದುಕೊಂಡವನು ಡೇವಿಡ್. ಅವನೂ ನಮ್ಮ ಸಭೆಯವನೇ, ಕೊನೆಯ ಬೆಂಚಿನವನು. ಮಾಕಳಿಯಲ್ಲಿ ಬಾಡಿಗೆ ಮನೆ. ಹೆಂಡತಿ ಸುಗುಣ, ಏಳನೇ ಕ್ಲಾಸಿನಲ್ಲಿ ಓದುವ ಮಗಳು. ಹೋದದ್ದು ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು. ಮದುವೆಯ ಉಂಗುರವನ್ನು ಈಗ ಬಲಗೈಗೆ ಹಾಕಿಕೊಂಡಿದ್ದಾನೆ.

ನಾನು ಬರೆಯುವ ಚಟಕ್ಕೆ ಬೀಳುವ ಮೊದಲು ಹನ್ನೊಂದು ವರ್ಷ ಇದೇ ಪೀಣ್ಯದಲ್ಲಿ ಟೂಲ್ ರೂಮಿನಲ್ಲಿ ಬೆವರು ಸುರಿಸಿದವನು. ಆದ್ದರಿಂದ ಬೆರಳು ಹೇಗೆ ಹೋಗುತ್ತದೆ ಎಂದು ನನಗೆ ಗೊತ್ತು. ಪ್ರೆಸ್ಸಿಗೆ ಎರಡು ಬಟನ್ ಇರುತ್ತವೆ. ಎರಡನ್ನೂ ಒಟ್ಟಿಗೆ, ಎರಡೂ ಕೈಯಿಂದ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಅದರ ಬಾಯಿಗೆ ಸಿಗಲು ಕೈ ಎಲ್ಲಿ ಉಳಿಯಿತು? ಯಾವನೋ ಪುಣ್ಯಾತ್ಮ ಯೋಚಿಸಿ ಮಾಡಿದ ಏರ್ಪಾಡು. ಆದರೆ ಅದರಿಂದ ಕೆಲಸ ನಿಧಾನ. ಹಾಗಾಗಿ ಒಂದು ಬಟನ್ ಸದಾ ಒತ್ತಿಯೇ ಇರುವಂತೆ ಅದಕ್ಕೆ ತಂತಿ ಬಿಗಿಯುತ್ತಾರೆ. ಒಂದು ಕೈ ಬಟನ್ ಮೇಲೆ, ಇನ್ನೊಂದು ಕೈ ತಗಡು ಇಡಲು. ಕೆಲಸ ಚಕಚಕ. ಬೆರಳೂ ಅಷ್ಟೇ ಚಕಚಕ.

ಹೀಗೆಲ್ಲ ಮಾತಾಡುವುದರಿಂದ ಸಭೆಯಲ್ಲಿ ನನಗೆ ‘ಕಮ್ಯುನಿಸ್ಟ್ ಬ್ರದರ್’ ಎಂದು ಹೆಸರು. ಇರಲಿ. ನಾವು ಕೈಮುಗಿಯುವ ಯೇಸು ಊರೂರು ತಿರುಗಿ ಬೋಧಿಸಿದ್ದು ಕೆಲವೇ ವರ್ಷ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಅವನು ಬಡಗಿ. ಉಳಿ ಜಾರಿ ಅವನ ಬೆರಳಿಗೂ ಏಟು ಬಿದ್ದಿದ್ದೀತು. ಆ ಬಡಗಿಯ ಬಗ್ಗೆ ಒಂದು ಪ್ರಸಂಗವನ್ನಾದರೂ ಯಾವ ಚರ್ಚಿನಲ್ಲಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಆ ಭಾನುವಾರ ಕಳೆದು ಮಂಗಳವಾರ ಪ್ರೇಮಕುಮಾರ್ ಫೋನ್ ಮಾಡಿದರು. ಬುಧವಾರ ಸಂಜೆ ಅಯ್ಯನವರ ಮನೆಯಲ್ಲಿ (ನಮ್ಮ ಕಡೆ ಪಾಸ್ಟರನ್ನು ಹಾಗೇ ಕರೆಯುವುದು) ಒಂದು ಸಣ್ಣ ಕೂಟ ಇದೆ, ಡೇವಿಡ್ ತಮ್ಮನ್ನು ಕ್ಷಮಿಸಲಿದ್ದಾನೆ, ನೀವು ಸಾಕ್ಷಿಯಾಗಿ ಬನ್ನಿ ಎಂದರು. ನೀವು ಬರೆಯುವವರು, ಪೇಪರಿನಲ್ಲಿ ಬಂದರೆ ನಾಲ್ಕು ಜನಕ್ಕೆ ಒಳ್ಳೆಯದಾಗುತ್ತದೆ ಎಂದೂ ಸೇರಿಸಿದರು. ಅವರ ಇಷ್ಟದಂತೆಯೇ ಬರೆಯುತ್ತಿದ್ದೇನೆ.

ಕ್ಷಮಿಸಲು ಬರಬೇಕಾದವನು ಎರಡು ಬಸ್ ಬದಲಾಯಿಸಿ ಬಂದ, ಕೈಗೆ ಬ್ಯಾಂಡೇಜು ಸುತ್ತಿಕೊಂಡು. ಕ್ಷಮೆ ಪಡೆಯಬೇಕಾದವರು ಕಾರಿನಲ್ಲಿ ಬಂದರು. ನಿನ್ನ ಮೇಲೆ ನಿನ್ನ ಸಹೋದರನಿಗೆ ಬೇಸರವಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ನೀನೇ ಅವನ ಬಳಿಗೆ ಹೋಗು ಎಂದು ನಮ್ಮ ಗುರು ಹೇಳಿದ್ದು ಉಲ್ಟಾ ಆಗಿತ್ತು. ಅಯ್ಯನವರಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಚರ್ಚಿನ ಹೊಸ ಛಾವಣಿ, ಸೌಂಡ್ ಸಿಸ್ಟಮ್ ಯಾರ ದಾನ ಎಂಬುದೂ ಗೊತ್ತಿತ್ತು.

ಟೀಪಾಯಿ ಮೇಲೆ ಒಂದು ಕಾಗದ ಸಿದ್ಧವಾಗಿತ್ತು. ಓದಿದೆ. ಅಪಘಾತ ನನ್ನದೇ ಅಜಾಗರೂಕತೆಯಿಂದ ಆಯಿತು, ಯಾರ ಮೇಲೂ ದೂರಿಲ್ಲ, ಯೇಸುವಿನ ಹೆಸರಿನಲ್ಲಿ ಎಲ್ಲರನ್ನೂ ಕ್ಷಮಿಸಿದ್ದೇನೆ ಎಂಬ ಒಕ್ಕಣೆ. ಕೆಳಗೆ ಡೇವಿಡ್ ಸಹಿಗೆ ಜಾಗ, ಅದರ ಕೆಳಗೆ ನನ್ನ ಸಹಿಗೆ. ತಪ್ಪೇ ಅವನದಾದರೆ ಅವನು ಕ್ಷಮಿಸುವುದು ಯಾರನ್ನು? ಹಾಗೆ ಕೇಳಿದೆ. ಇದು ಆಡಿಟರ್ ಹೇಳಿದ ಭಾಷೆ, ಅರ್ಥಕ್ಕಿಂತ ಭಾವ ಮುಖ್ಯ ಎಂದರು ಪ್ರೇಮಕುಮಾರ್. ಮೈ ಉರಿದುಹೋಯಿತು.

ಆಮೇಲೆ ಅವರು ತಮ್ಮ ಕರುಣೆಯ ವಿವರ ಕೊಟ್ಟರು. ಆಸ್ಪತ್ರೆಗೆ ತಮ್ಮದೇ ಕಾರಿನಲ್ಲಿ ಕಳಿಸಿದ್ದರು. (ಖಾಸಗಿ ಆಸ್ಪತ್ರೆಗೆ. ಕಾರ್ಮಿಕರ ಇಎಸ್‌ಐ ಆಸ್ಪತ್ರೆಗೆ ಹೋದರೆ ಅಪಘಾತ ಸರ್ಕಾರದ ಲೆಕ್ಕದಲ್ಲಿ ದಾಖಲಾಗುತ್ತದಲ್ಲ.) ಮನೆಯ ಒಲೆ ಆರಬಾರದೆಂದು ಸುಗುಣಳಿಗೂ ಕೆಲಸ ಕೊಟ್ಟಿದ್ದರು.

“ಹೊರಗಿನವರನ್ನ ತಗೋಬಹುದಿತ್ತು ಬ್ರದರ್. ಆದ್ರೆ ಡೇವಿಡ್ ಜಾಗ ಅವನ ಫ್ಯಾಮಿಲಿಗೇ ಇರ್ಲಿ ಅಂತ ಅದೇ ಮಿಷಿನ್ ಮೇಲೆ ಹಾಕಿದೀನಿ.”

ಅಯ್ಯನವರು ‘ಸ್ತೋತ್ರ’ ಎಂದರು. ಡೇವಿಡ್ ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ. ಪೆನ್ನು ಕೈಗೆ ತೆಗೆದುಕೊಂಡ, ಕ್ಯಾಪು ಬಿಚ್ಚಿದ. ಆಮೇಲೆ ಪ್ರೇಮಕುಮಾರ್ ಮುಖ ನೋಡಿದ.

“ಕ್ಷಮಿಸ್ತೀನಿ ಸಾರ್. ನಂಗೇನು ದ್ವೇಷ ಇಲ್ಲ. ಆ ಬಟನ್‌ಗೆ ಕಟ್ಟಿರೋ ತಂತಿ ಬಿಚ್ಚಿಸಿದ್ರಾ? ಸೋಮವಾರದಿಂದ ಅವಳು ನಿಂತವ್ಳೆ ಅಲ್ಲಿ.”

ಪ್ರೇಮಕುಮಾರ್ ವಾಚು ಸರಿಮಾಡಿಕೊಂಡರು.

“ಈ ಆರ್ಡರ್ ಒಂದು ಡಿಸ್ಪ್ಯಾಚ್ ಆಗ್ಲಿ ಡೇವಿಡ್. ತಿಂಗಳ ಕೊನೇಲಿ ಎಲ್ಲಾ ಸರ್ವೀಸ್ ಮಾಡಿಸ್ತೀನಿ. ಅಲ್ಲೀವರ್ಗೂ ಅವಳಿಗೋಸ್ಕರ ಪ್ರಾರ್ಥನೆ ಮಾಡೋಣ.”

ಮಾಡಿಯೂಬಿಟ್ಟರು. ಅಯ್ಯನವರು ಕಣ್ಣು ಮುಚ್ಚಿ, ಆ ಸಹೋದರಿಯ ಕೈಗಳ ಸುತ್ತ ಬೆಂಕಿಯ ಬೇಲಿ ಹಾಕು ಕರ್ತನೇ ಎಂದು ಬೇಡಿದರು. ನಾನು ಕಣ್ಣು ಮುಚ್ಚಲಿಲ್ಲ. ಡೇವಿಡ್ ಕೂಡ ಮುಚ್ಚಲಿಲ್ಲ. ಪ್ರಾರ್ಥನೆ ಹತ್ತು ನಿಮಿಷ ನಡೆಯಿತು. ಆ ತಂತಿ ಬಿಚ್ಚಲು ಒಂದು ಕಟಿಂಗ್ ಪ್ಲೈಯರ್ ಮತ್ತು ಅರ್ಧ ನಿಮಿಷ ಸಾಕು. ಮನುಷ್ಯನ ಕೈಯಲ್ಲೇ ಆಗುವ ಕೆಲಸವನ್ನು ದೇವರ ತಲೆಗೆ ಕಟ್ಟುವುದಕ್ಕೆ ಭಕ್ತಿ ಎನ್ನುತ್ತಾರೆಯೇ? ನನ್ನ ಮಟ್ಟಿಗೆ ಅದು ಶುದ್ಧ ಮೈಗಳ್ಳತನ, ಲಾಭ ಇರುವ ಮೈಗಳ್ಳತನ.

ಡೇವಿಡ್ ಸಹಿ ಹಾಕಲಿಲ್ಲ. ಪೆನ್ನಿನ ಕ್ಯಾಪು ಹಾಕಿ, ಮನೆಯಲ್ಲಿ ಒಂದು ಮಾತು ಕೇಳಿ ಹೇಳುತ್ತೇನೆ ಎಂದು ಎದ್ದ. ನಾನೂ ಎದ್ದೆ. ಬಸ್ ಸ್ಟಾಪಿನವರೆಗೂ ಜೊತೆಗೆ ನಡೆದೆವು. ಬಸ್ ಬಂದಾಗ, ಅವಳು ನನಗಿಂತ ಚುರುಕು ಸಾರ್, ಅದೇ ಭಯ ಎಂದ.

ಗುರುವಾರ ಬೆಳಿಗ್ಗೆ ಸುಗುಣ ಗಂಡನ ಚೀಲದಿಂದ ಪ್ಲೈಯರ್ ತೆಗೆದುಕೊಂಡು ಹೋದಳು. ಶಿಫ್ಟಿನ ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ತಂತಿ ಕತ್ತರಿಸಿದಳು. ಎರಡೂ ಕೈ ಬಟನ್ ಮೇಲಿಟ್ಟು, ನಿಯಮ ಹೇಳಿದಂತೆ ಕೆಲಸ ಮಾಡಿದಳು. ಊಟದ ಹೊತ್ತಿಗೆ ಮಾಲು ಕಡಿಮೆ ಬಂದದ್ದು ಸೂಪರ್‌ವೈಸರ್ ಕಣ್ಣಿಗೆ ಬಿತ್ತು. ಅವನು ಹೊಸ ತಂತಿ ಕಟ್ಟಿದ. ಹಾಗಾದರೆ ಈ ಮಿಷಿನ್ ಮೇಲೆ ನಾನು ನಿಲ್ಲುವುದಿಲ್ಲ ಎಂದಳು ಇವಳು. ಸಂಜೆಗೆ ಮನೆಗೆ ಕಳಿಸಿದರು, ನಾಳೆಯಿಂದ ಬರಬೇಡ ಎಂದು.

ಶುಕ್ರವಾರ ಅವಳು, ಡೇವಿಡ್, ನಾನು ಮೂವರೂ ಹೋಗಿ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಆಫೀಸಿನಲ್ಲಿ ದೂರು ಕೊಟ್ಟು ಬಂದೆವು. ಅಲ್ಲಿ ಡೇವಿಡ್ ಸಹಿ ಹಾಕಿದ. ಮುಂದೇನಾಗುತ್ತದೋ ಗೊತ್ತಿಲ್ಲ. ದೂರುಗಳು ಎಷ್ಟು ದಿನ ಮಲಗುತ್ತವೆ ಎಂದು ನಿಮಗೂ ಗೊತ್ತು.

ಶನಿವಾರ ಪ್ರೇಮಕುಮಾರ್ ಫೋನ್. ದೂರಿನ ವಿಷಯ ಅವರಿಗೆ ಇನ್ನೂ ಮುಟ್ಟಿರಲಿಲ್ಲ. ಆ ಹೆಣ್ಣುಮಗಳಿಗೆ ಕೃತಜ್ಞತೆ ಇಲ್ಲ, ಅನ್ನ ಹಾಕಿದ ಕೈಯನ್ನೇ ಕಚ್ಚಿದಳು, ಆದರೂ ನಾಳೆ ಸಭೆಯಲ್ಲಿ ಆ ಕುಟುಂಬಕ್ಕಾಗಿ ಪ್ರಾರ್ಥನೆ ಇಡಿಸುತ್ತೇನೆ, ನೀವು ನಡೆಸಿಕೊಡಿ ಎಂದರು. ಪೂರ್ತಿ ಕೇಳಿಸಿಕೊಂಡೆ. ಕೊನೆಗೆ ಒಂದೇ ಪ್ರಶ್ನೆ ಕೇಳಿದೆ. ಸಿಗ್ನಲ್ ಸರಿಯಿಲ್ಲ ಎಂದು ಫೋನ್ ಇಟ್ಟುಬಿಟ್ಟರು. ಅವರು ಪೇಪರ್ ತಪ್ಪದೆ ಓದುತ್ತಾರೆ, ಆದ್ದರಿಂದ ಇಲ್ಲಿಯೇ ಇನ್ನೊಮ್ಮೆ ಕೇಳುತ್ತಿದ್ದೇನೆ.

ಈಗ ಆ ಮಿಷಿನ್ ಮೇಲೆ ಯಾರು ನಿಂತಿದಾರೆ, ಬ್ರದರ್?