ಪಾಕೀಟು ಕಂಡ ಕೈ

ಹನ್ನೆರಡು ವರ್ಷದ ಕುಡಿತ ಬಿಟ್ಟು ಎರಡು ತಿಂಗಳಾಗಿದ್ದರೂ ಬೈಕಿನ ಕೀಲಿ ಹೆಂಡತಿಯ ಸೊಂಟದಲ್ಲೇ ಇತ್ತು. ವಳಕಮದಿನ್ನಿಯಿಂದ ಸಿಂಧನೂರಿನ ಮಿಲ್ಲಿಗೆ ಭತ್ತದ ಮಾದರಿ ಒಯ್ಯಬೇಕಾದರೂ ನನಗೆ ಬಸ್ಸೇ ಗತಿ. ದಾರಿಯಲ್ಲಿ ನನ್ನ ಬೈಕು ತಾನಾಗಿ ಎಲ್ಲಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ನನಗೋ ನಾಲ್ಕು ಮಂದಿಯ ಮುಂದೆ ಮಾನ ಹೋದಂತೆ ಆಗುತ್ತಿತ್ತು.

ಸಿಂಧನೂರಿನಲ್ಲಿ ನನಗೆ ಔಷಧ ಕೊಡುತ್ತಿದ್ದ ಡಾಕ್ಟರ ಬಳಿಗೆ ಒಬ್ಬ ಸಂಶೋಧಕಿ ಬಂದಿದ್ದಾರೆ, ಕುಡುಕರ ಕೈಯ ಆಸೆ ಅಳೆಯುತ್ತಾರೆ ಎಂದು ತಿಳಿದಾಗ ನಾನೇ ಹೆಸರು ಕೊಟ್ಟೆ. ಪಾಸಾದರೆ ಕೀಲಿ ಕೊಡಬೇಕೆಂದು ಹೆಂಡತಿಯನ್ನು ಒಪ್ಪಿಸಿ, ಜೊತೆಗೇ ಕರೆದೊಯ್ದೆ.

ಕಂಪ್ಯೂಟರಿನ ಮುಂದೆ ಟ್ರ್ಯಾಕ್ಟರ್ ಗೇರಿನಂಥ ಕೋಲಿತ್ತು. ಚಿತ್ರದ ಚೌಕಟ್ಟು ಹಸಿರಿದ್ದರೆ ಎಳೆಯಬೇಕು, ಕೆಂಪಿದ್ದರೆ ದೂಡಬೇಕು, ಒಳಗೇನಿದೆ ಎಂದು ಲೆಕ್ಕಿಸಬಾರದು. ಕುಡುಕನ ಕೈ ಮಾತ್ರ ತಲೆಗೆ ತಿಳಿಯುವ ಮೊದಲೇ ಹೆಂಡದ ಚಿತ್ರವನ್ನು ಎಳೆದುಕೊಳ್ಳುತ್ತದಂತೆ. ಬಂದವು ನೋಡಿ, ಉದ್ದ ಕತ್ತಿನ ಬಾಟಲಿಗಳು, ಕಾಲಿರುವ ಗಾಜಿನ ಲೋಟಗಳು! ಚಹಾದ ಕಪ್ಪಿಗೂ ಅವಕ್ಕೂ ನನ್ನ ಕೈ ಭೇದ ಮಾಡಲಿಲ್ಲ. ಮೀಸೆ ತಿರುವಿ ಕೀಲಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ.

“ಅಕ್ಕಾರ, ಇವ್ರು ಇಂಥಾ ಬಾಟ್ಲಿ ಕಣ್ಣಿಲೆ ಕಂಡಿಲ್ರೀ. ಇವರದು ವಿಸ್ಕಿ ಪಾಕೀಟು, ಜೋಡಿ ಖಾರಾ ಶೇಂಗಾ.”

ಸಂಶೋಧಕಿ ನಗುತ್ತಲೇ ಬರೆದುಕೊಂಡರು. ಮುಂದಿನ ವಾರ ಅದೇ ಪೇಟೆಯಲ್ಲಿ ತೆಗೆದ ಫೋಟೋಗಳನ್ನಿಟ್ಟು ನನ್ನನ್ನು ಮತ್ತೆ ಕೂರಿಸಿದರು. ಪಾಕೀಟು ಕಂಡದ್ದೇ ತಡ, ದೂಡಬೇಕಾದ ಕೋಲನ್ನು ಕೈ ಎದೆಗೆ ಎಳೆದುಕೊಂಡಿತು. ಶೇಂಗಾ ಬಂದಾಗಲೂ ಅದೇ ಹಾಡು. ಈ ಸಲ ಜಟ್ಟಿಯ ಮೀಸೆ ಮಣ್ಣಾಯಿತು.

ಕುಡಿಯದವರ ಕೈಯನ್ನೂ ನೋಡೋಣವೆಂದು ಅವರು ಹೆಂಡತಿಯನ್ನು ಕೂರಿಸಿದರು. ಹಸಿರು ಚೌಕಟ್ಟಿನಲ್ಲಿ ಪಾಕೀಟು ಬಂತು, ಎಳೆಯಬೇಕಿತ್ತು. ಅವಳ ಕೈ ದೂಡಿತು. ಮತ್ತೆ ಬಂತು, ಮತ್ತೆ ದೂಡಿತು, ಮೇಜು ಅಲುಗಾಡುವಷ್ಟು ಜೋರಾಗಿ. ತಪ್ಪಾಯಿತೆಂದು ಅವಳೇ ನಕ್ಕಳು. ನನಗೆ ನಗು ಬರಲಿಲ್ಲ. ಹನ್ನೆರಡು ವರ್ಷ ನಾನು ಎಳೆದುಕೊಂಡದ್ದನ್ನು ಆ ಕೈ ಹನ್ನೆರಡು ವರ್ಷ ದೂಡಿತ್ತು.

ಹೊರಗೆ ಬಂದಾಗ ನನ್ನ ಮೋರೆ ನೋಡಿ ಕರಗಿದಳೋ ಏನೋ, ತಾನಾಗಿ ಕೀಲಿ ಚಾಚಿದಳು.

“ನೀನ ಇಟ್ಕೋ,” ಎಂದೆ. “ಈ ಕೈ ಇನ್ನೂ ಕಲೀಬೇಕು.”

ಊರಿನ ಬಸ್ಸು ಹತ್ತಿ ಕುಳಿತೆವು. ಬುಟ್ಟಿ ಹೊತ್ತ ಖಾರಾ ಶೇಂಗಾದವನೂ ಹತ್ತಿದ. ಹೆಂಡತಿ ನಗುತ್ತ ನನ್ನ ಬಲಗೈ ಹಿಡಿದುಕೊಂಡಳು, ಅವನು ಇಳಿದ ಮೇಲೂ ಬಿಡಲಿಲ್ಲ.