ಗುಹೆಯ ಗೋಡೆಯ ಚುಕ್ಕಿಗಳು

ಕಳೆದ ವಾರ ಪುಸ್ತಕದ ಕಪಾಟು ಸರಿಸುವಾಗ ಹಳೆಯ ಮದುವೆ ಕಾರ್ಡೊಂದು ಕೆಳಗೆ ಬಿತ್ತು. ದಪ್ಪ ಕಾಗದ, ಅಂಚಿಗೆ ಮಾಸಿದ ಅರಿಸಿನ. ಯಾರ ಮದುವೆಯದೋ ನೆನಪಿಲ್ಲ. ಕೈಗೆತ್ತಿಕೊಂಡರೆ ಒಂದು ಮಗ್ಗುಲಿನ ತುಂಬ ಸಣ್ಣ ಸಣ್ಣ ಉಬ್ಬುಗಳು, ಇನ್ನೊಂದು ಕಡೆಯಿಂದ ಕೈವಾರದ ಮುಳ್ಳಿನಲ್ಲಿ ಚುಚ್ಚಿದವು... ಅದರ ಮೇಲೆ ಬೆರಳಾಡಿಸಿದೆ. ಮೊದಲು ನೆನಪಾದದ್ದು ಮುಖವಲ್ಲ, ಒಂದು ನಗು.

“ಇದೇನ್ ಕಣಮ್ಮಿ, ಹಿಂದ್ಮುಂದಾಗಿ ಚುಚ್ಕೊಂಡ್ ಬಂದಿದ್ದೀಯ! ಅಂಗಿ ಒಳಗು ಹೊರಗು ಮಾಡಿ ಹಾಕ್ಕಂಡಂಗೆ.”

ಅವರನ್ನು ನಾವೆಲ್ಲ ಬೂತಕ್ಕ ಎನ್ನುತ್ತಿದ್ದೆವು. ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರದೊಂದು ಟೆಲಿಫೋನ್ ಬೂತ್ ಇತ್ತು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮೈಸೂರಿನ ಒಂದು ಶಾಲೆಯಲ್ಲಿ ಓದಿ ಬಂದಿದ್ದರು. ಗಿರಾಕಿಗಳನ್ನು ಕೆಮ್ಮಿನಿಂದ, ಚಪ್ಪಲಿಯ ಸದ್ದಿನಿಂದ ಗುರುತಿಸುತ್ತಿದ್ದರು. ನನ್ನ ಅಮ್ಮ ಕವಲಂದೆಯಲ್ಲಿ ಟೀಚರ್ ಆಗಿದ್ದರು. ಅವರ ಬಸ್ಸು ಬರುವವರೆಗೆ ಶಾಲೆ ಬಿಟ್ಟ ನಾನು ಬೂತಕ್ಕನ ಪಕ್ಕದ ಸ್ಟೂಲಿನಲ್ಲಿ ಕೂತಿರಬೇಕು ಎಂಬುದು ಅಮ್ಮನ ಏರ್ಪಾಟು. ಆಗ ನಾನು ಏಳನೆಯ ಕ್ಲಾಸು. ಆರನೆಯದೂ ಇರಬಹುದು.

ಆ ಸ್ಟೂಲಿನ ಮೇಲೆ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ. ಅತ್ತೆಯ ಮಗ ಬೇಜಾರಾಗಿ ಬಿಟ್ಟುಕೊಟ್ಟಿದ್ದ ಅಂಗೈಯಗಲದ ವಿಡಿಯೋ ಗೇಮ್ ಆಡುವುದು. ಕಾಡು, ಕೆರೆ, ಗುಹೆಗಳಲ್ಲಿ ಅಲೆದು ವಿಚಿತ್ರ ಪ್ರಾಣಿಗಳನ್ನು ಬಲೆಗೆ ಹಾಕಿಕೊಳ್ಳಬೇಕು. ಬಲೆ ಬೀಸುವ ಮೊದಲು ಹೊಡೆದು ಸುಸ್ತು ಮಾಡಬೇಕು. ಹೆಚ್ಚು ಹೊಡೆದರೆ ಪ್ರಾಣಿ ಮಾಯ. ಎಲ್ಲಕ್ಕೂ ಒಂದು ಪಟ್ಟಿ ಇತ್ತು. ಹಿಡಿದ ಪ್ರಾಣಿಯಾದರೆ ಬಣ್ಣದ ಚಿತ್ರ. ಕಂಡೂ ಕೈತಪ್ಪಿದ್ದಾದರೆ ಬರಿಯ ಕಪ್ಪು ನೆರಳು. ಕಂಡೇ ಇಲ್ಲದ್ದಕ್ಕೆ ಒಂದು ಪ್ರಶ್ನೆ ಚಿಹ್ನೆ. ಇದನ್ನೆಲ್ಲ ಬೂತಕ್ಕನಿಗೆ ನಾನೇ ವಿವರಿಸಿದ್ದೆ.

“ಹಂಗಾದ್ರೆ ಈ ರಸ್ತೆ ಜನ ಎಲ್ಲಾ ನಂಗೆ ಪ್ರಶ್ನೆ ಚಿಹ್ನೆಗಳೇ ಅನ್ನು,” ಎಂದಿದ್ದರು. “ಆದ್ರೆ ಒಬ್ಬನೂ ನನ್ ಕೈತಪ್ಪಕ್ಕಿಲ್ಲ.”

ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ ಚಿಹ್ನೆ. ಆ ಪ್ರಾಣಿ ಒಂದು ಗುಹೆಯೊಳಗಿತ್ತು. ಆಟದಲ್ಲಿ ಒಂದೇ ಒಂದು ಸಲ ಕಾಣಿಸಿಕೊಳ್ಳುತ್ತದೆ ಎಂದು ಅತ್ತೆಯ ಮಗ ಹೇಳಿದ್ದ. ಗುಹೆಯ ಬಾಗಿಲು ಮುಚ್ಚಿತ್ತು. ಪಕ್ಕದ ಗೋಡೆಯಲ್ಲಿ ಅರ್ಥವಾಗದ ಗುರುತುಗಳು, ಗುಂಪು ಗುಂಪಾಗಿ ಚುಕ್ಕಿಗಳು. ತಿಂಗಳುಗಟ್ಟಲೆ ಎಣಿಸಿದೆ, ಕೂಡಿದೆ, ಕಳೆದೆ. ಒಂದು ಸಂಜೆ ಬೂತಕ್ಕ ಬ್ರೈಲಿನಲ್ಲಿ ಚುಚ್ಚಿದ್ದ ತಮ್ಮ ಲೆಕ್ಕದ ದಪ್ಪ ಹಾಳೆಯ ಮೇಲೆ ಬೆರಳಾಡಿಸುತ್ತಿದ್ದುದನ್ನು ನೋಡುತ್ತಲೇ ಕೂತಿದ್ದವಳಿಗೆ ಮೈ ಜುಂ ಎಂದಿತು. ಅವೇ ಚುಕ್ಕಿಗಳು! ವರ್ಷದಿಂದ ಅವುಗಳ ಪಕ್ಕದಲ್ಲೇ ಕೂತಿದ್ದೆ.

ಪರದೆಯ ಚುಕ್ಕಿಗಳು ಅವರ ಬೆರಳಿಗೆ ಸಿಗುವುದಿಲ್ಲವಲ್ಲ. ಅದಕ್ಕೇ ಮನೆಗೆ ಹೋಗಿ, ಕಂಡದ್ದನ್ನು ಕಂಡ ಹಾಗೇ ಕೈವಾರದಲ್ಲಿ ಈ ಕಾರ್ಡಿಗೆ ಚುಚ್ಚಿದೆ. ಮುಳ್ಳು ಒಂದು ಕಡೆ ಚುಚ್ಚಿದರೆ ಉಬ್ಬು ಇನ್ನೊಂದು ಕಡೆ ಏಳುತ್ತದೆ, ಮಗುಚಿದಾಗ ಬರಹವೆಲ್ಲ ತಿರುಗುಮುರುಗಾಗುತ್ತದೆ ಎಂಬುದು ಹೊಳೆಯಲಿಲ್ಲ. ಬೂತಕ್ಕ ನಕ್ಕದ್ದು ಆಗಲೇ. ಆಮೇಲೆ ನನ್ನ ಕೈ ಹಿಡಿದು ತೋರಿಸಿದರು.

“ಬರೆಯೋವಾಗ ಬಲದಿಂದ ಎಡಕ್ಕೆ ಬಾ, ಒಂದೊಂದು ಅಕ್ಷರಾನೂ ತಿರುಗಿಸಿ ಚುಚ್ಚು. ಮಗುಚುದ್ರೆ ನೆಟ್ಟಗಾಯ್ತದೆ. ನಂಗೆ ಈಗ ಎಂಗೆ ಅಭ್ಯಾಸ ಆಗೋಗದೆ ಅಂದ್ರೆ, ಸಗಣಿ ಮೇಲೆ ಕಡ್ಡೀಲಿ ಬರೆದ್ರೂ ತಿರುಗಿಸೇ ಬರೀತೀನಿ.”

ಎರಡನೆಯ ಕಾರ್ಡು ಸರಿಯಾಗಿತ್ತು. ಅದನ್ನು ಅವರೇ ಇಟ್ಟುಕೊಂಡರು. ನನ್ನ ಬಳಿ ಉಳಿದದ್ದು ತಪ್ಪಿನ ಕಾರ್ಡು. ಸರಿಯಾದ ಕಾರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಬೂತಕ್ಕ ಒಂದೊಂದಾಗಿ ಕೂಡಿಸಿ ಓದಿದರು: ದೀಪ ಆರಿಸು, ಎಡಕ್ಕೆ ಏಳು ಹೆಜ್ಜೆ ನಡೆ, ಅಲ್ಲೇ ಕಾದು ನಿಲ್ಲು.

“ದೀಪ ಆರಿಸ್ಬೇಕಂತೆ!” ಬೂತಕ್ಕನಿಗೆ ಇನ್ನಿಲ್ಲದ ಖುಷಿ. “ಯಾವನೋ ಪುಣ್ಯಾತ್ಮ ನಮ್ಮಂಥೋರಿಗೆ ಅಂತ್ಲೇ ಒಂದ್ ಬಾಗ್ಲು ಮಡಗವ್ನೆ ಕಣಮ್ಮಿ.” ಆಮೇಲೆ ದನಿ ತಗ್ಗಿಸಿ ಹೇಳಿದರು, “ಅದು ಸಿಕ್ಕಿದ್ರೆ ನಂಗೂ ತೋರಿಸ್ಬೇಕು. ಕೈಗೆ. ಬಾಯಲ್ಲಿ ಹೇಳಿದ್ರೆ ಒಪ್ಪಕ್ಕಿಲ್ಲ. ಭಾನುವಾರದೊಳಗೆ ಆಗ್ಬೇಕು.”

ಭಾನುವಾರ ಅವರು ಬೂತ್ ಮುಚ್ಚಿ ಹೊರಡುವವರಿದ್ದರು. ಎಲ್ಲರ ಜೇಬಿಗೂ ಮೊಬೈಲ್ ಬಂದಿತ್ತು. ಟಿ. ನರಸೀಪುರದಲ್ಲಿದ್ದ ತಂಗಿಯ ಮನೆಗೆ ಸಾಮಾನೂ ಅರ್ಧ ಹೋಗಿತ್ತು. ಆ ಪ್ರಾಣಿಯನ್ನು ಕೈಗೆ ತೋರಿಸು ಎಂಬುದೊಂದೇ ಅವರು ನನ್ನಿಂದ ಕೇಳಿದ್ದು.

ಶುಕ್ರವಾರ ಬೂತಿನಲ್ಲಿ ಕೂರದೆ ಶಾಲೆಯಿಂದ ನೇರ ಮನೆಗೆ ಓಡಿ, ಗುಹೆಯೊಳಗೆ ದೀಪ ಆರಿಸಿ ಏಳು ಹೆಜ್ಜೆ ನಡೆದೆ. ಬಾಗಿಲು ತೆರೆಯಿತು. ಪ್ರಾಣಿ ಬಂತು... ಅದರ ಬಣ್ಣ ನೀಲಿ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಬೂದು ಬಣ್ಣವೂ ಇದ್ದಿರಬಹುದು. ನಾನು ಗಾಬರಿಯಲ್ಲಿ ಒಂದೇಟು ಹೆಚ್ಚು ಹೊಡೆದೆ. ಪ್ರಾಣಿ ಕುಸಿದು ಮಾಯವಾಯಿತು. ಪಟ್ಟಿ ತೆರೆದರೆ ಪ್ರಶ್ನೆ ಚಿಹ್ನೆಯಿದ್ದ ಜಾಗದಲ್ಲಿ ಕಪ್ಪು ನೆರಳು. ಇನ್ನು ಅದು ಯಾವತ್ತೂ ಚಿತ್ರವಾಗುವುದಿಲ್ಲ.

ಶನಿವಾರ ಕಪಿಲಾ ನದಿಯ ದಂಡೆಯಿಂದ ಜೇಡಿಮಣ್ಣು ತಂದು ಒಂದು ಪ್ರಾಣಿ ಮಾಡಿದೆ. ನೋಡಿದ್ದು ಅರೆಗಳಿಗೆ, ಉಳಿದದ್ದು ನಾನೇ ಕಟ್ಟಿದ್ದು. ಆರು ಕಾಲು, ಗಿಡ್ಡ ರೆಕ್ಕೆ, ಮುಸುಡಿಯ ಮೇಲೊಂದು ಗೊರಸಿನಂಥದು. ಹಸಿ ಆರುವ ಮೊದಲೇ ಬೂತಕ್ಕನ ಕೈಗಿಟ್ಟೆ.

ಅವರು ಅವಸರ ಮಾಡಲಿಲ್ಲ. ಕಾಲು ಎಣಿಸಿದರು, ರೆಕ್ಕೆಯ ಅಂಚನ್ನು ಸವರಿದರು, ಮುಸುಡಿಯ ಮೇಲೆ ಹೆಬ್ಬೆರಳು ಆಡಿಸಿದರು.

“ಕಣ್ಣೆಲ್ಲಿ?”

ಕಣ್ಣು ಮಾಡುವುದನ್ನೇ ಮರೆತಿದ್ದೆ. “ಗುಹೆ ಪ್ರಾಣಿ ಅಕ್ಕ... ಅದಕ್ಕೆ ಕಣ್ಣಿಲ್ಲ,” ಎಂದೆ.

“ಓಹೋ, ನಮ್ ನೆಂಟ್ರು!” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ಸಿಕ್ತಾ?” ಎಂದರು.

“ಹ್ಞೂಂ.”

ಅವರು ತಮ್ಮ ಬ್ರೈಲ್ ಚುಚ್ಚುವ ಮೊಳೆ ತೆಗೆದು, ಹಸಿ ಮಣ್ಣಿನ ಹೊಟ್ಟೆಯಡಿಗೆ ಏನೋ ಒತ್ತಿದರು. ಹೆಸರಿನ ಗುರುತಿರಬೇಕು ಎಂದುಕೊಂಡೆ. “ನರಸೀಪುರಕ್ಕೆ ಬಾ, ಕೂತ್ಕೊಂಡು ಪೂರ್ತಿ ಕತೆ ಹೇಳೀಯಂತೆ,” ಎಂದರು. ಬರುತ್ತೇನೆ ಎಂದೆ.

ಹೋಗಲಿಲ್ಲ. ನಂಜನಗೂಡಿನಿಂದ ನರಸೀಪುರ ಎಷ್ಟು ಮಹಾ ದೂರ? ಕಾಲೇಜಿನ ದಿನಗಳಲ್ಲಿ ಸೋಮನಾಥಪುರಕ್ಕೆ ಟ್ರಿಪ್ ಹೋದಾಗ ಆ ಊರಿನಲ್ಲೇ ಇಳಿದು ಟೀ ಕುಡಿದಿದ್ದೇವೆ. ಸಮಯವಿರಲಿಲ್ಲ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಅದು ಸುಳ್ಳು. ಹೋದರೆ ಪೂರ್ತಿ ಕತೆ ಹೇಳಬೇಕಾಗಿತ್ತು.

ಕಾರ್ಡು ಸಿಕ್ಕ ಮೇಲೆ, ಮೊನ್ನೆ ಭಾನುವಾರ ಹೋದೆ. ಬೂತ್ ನಡೆಸುತ್ತಿದ್ದ ಕಣ್ಣು ಕಾಣದವರು ಎಂದು ಕೇಳುತ್ತಾ ಹೋದರೆ ಸಂಗಮದ ಹತ್ತಿರದ ಬೀದಿಯೊಂದರಲ್ಲಿ ಮನೆ ಸಿಕ್ಕಿತು. ಬಾಗಿಲು ತೆಗೆದವಳು ಅವರ ತಂಗಿಯ ಮಗಳು.

“ದೊಡ್ಡಮ್ಮ ಹೋಗಿ ನಾಕು ವರ್ಷ ಆಯ್ತು ಕಣ್ರೀ,” ಎಂದಳು. ನನ್ನನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. “ನೀವು ನಂಜನಗೂಡೋರಾ? ಆ ಗೇಮ್ ಹುಡುಗಿ?”

ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ್ದನ್ನು ತಂದಳು. ಮಣ್ಣು ಬಿರಿದಿತ್ತು. ಒಂದು ಕಾಲನ್ನು ಗೋಂದು ಹಾಕಿ ಅಂಟಿಸಿದ್ದರು.

“ಚಿಕ್ಕೋರಿದ್ದಾಗ ನಾವು ಮುಟ್ಟಿದ್ರೆ ಬೈಯೋರು. ಇದ್ಯಾವ ಪ್ರಾಣಿ ದೊಡ್ಡಮ್ಮ ಅಂದ್ರೆ, ‘ಅದ ಮಾಡ್ದೋಳು ಬಂದು ಹೇಳ್ತಾಳೆ, ತಡೀರಿ’ ಅನ್ನೋರು. ನೀವೇ ತಗೊಂಡೋಗಿ.”

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಬೋರಲಿಟ್ಟು ನೋಡಿದೆ. ಹೊಟ್ಟೆಯಡಿಗೆ ಮೂರೇ ಗುಳಿ: ಎರಡು ಬಲಕ್ಕೆ ಒಂದರ ಕೆಳಗೊಂದು, ಮೂರನೆಯದು ಎಡಕ್ಕೆ, ಕೆಳಗಡೆ. ಫೋನಿನಲ್ಲಿ ಬ್ರೈಲ್ ಅಕ್ಷರಗಳ ಪಟ್ಟಿ ತೆಗೆದು ಹೋಲಿಸಿದೆ. ಮಾತು ಮುಗಿದಾಗ ಹಾಕುವ ಉದ್ಧರಣ ಚಿಹ್ನೆ ಎಂದಿತ್ತು. ಅರ್ಥವಾಗಲಿಲ್ಲ. ನನಗೆ ಒಂದು ಮಾತು ನೆನಪಾದದ್ದು ಬಸ್ಸು ನಂಜನಗೂಡು ತಲುಪುವ ಹೊತ್ತಿಗೆ: ಬೂತಕ್ಕ ಮೊಳೆ ಹಿಡಿದರೆ ತಿರುಗಿಸಿಯೇ ಬರೆಯುವವರು. ಎಡಬಲ ಅದಲುಬದಲು ಮಾಡಿ ಮತ್ತೆ ಪಟ್ಟಿ ನೋಡಿದೆ.

ಪ್ರಶ್ನೆ ಚಿಹ್ನೆ.

ಹಾಗಾದರೆ ನನ್ನ ‘ಹ್ಞೂಂ’ ಸುಳ್ಳೆಂದು ಅವರಿಗೆ ಆ ಶನಿವಾರವೇ ಗೊತ್ತಿತ್ತು. ಗೊತ್ತಿತ್ತು ಎಂದು ನಾನು ಓದಿಕೊಳ್ಳುತ್ತಿದ್ದೇನೆಯೋ... ಕೇಳಲು ಈಗ ಯಾರೂ ಇಲ್ಲ. ಕಣ್ಣಿಲ್ಲದ ಆ ಮಣ್ಣಿನ ಪ್ರಾಣಿ ಈಗ ನನ್ನ ಮೇಜಿನ ಮೇಲಿದೆ, ತಪ್ಪಿನ ಕಾರ್ಡು ಅದರ ಪಕ್ಕದಲ್ಲಿ. ನರಸೀಪುರಕ್ಕೆ ಹೋಗಿ ಹೇಳಬೇಕಾಗಿದ್ದ ಪೂರ್ತಿ ಕತೆ ಎಷ್ಟು ಚಿಕ್ಕದು.

ಸಿಕ್ಕಲಿಲ್ಲ ಅಕ್ಕ. ನೋಡಿದೆ, ಅಷ್ಟೇ.