ಕಲ್ಲಿನ ಬೆನ್ನಿಗೆ ಎರಡು ಸಲ

ಮೊನ್ನೆ ಅಂಗಡಿಯ ಹಿತ್ತಲ ಗೋಡೆಗೆ ಬಳಿಯಲೆಂದು ಸುಣ್ಣದ ಹರಳು ನೀರಿಗೆ ಹಾಕಿಸಿದೆ. ಬುಸ್ಸೆಂದು ಹಬೆ ಎದ್ದು ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಹೊಡೆದುಕೊಳ್ಳತೊಡಗಿತು. ಸುಣ್ಣಕ್ಕೆ ಹೆದರುವ ವ್ಯಾಪಾರಿ ಎಂದರೆ ನೀವು ನಗಬಹುದು. ಆದರೆ ಆ ವಾಸನೆಯೊಳಗೆ ಚಾಚಾ ಇದ್ದಾರೆ...

ಬ್ರೂಸ್‌ಪೇಟೆಯಲ್ಲಿ ನನ್ನದು ಹಳೆಯ ಬಾಗಿಲು, ಕಿಟಕಿ, ಕಪಾಟುಗಳ ವ್ಯಾಪಾರ. ತಲೆಯ ಮೇಲೆ ಕಿಟಕಿ ಹೊತ್ತು ಓಣಿ ಓಣಿ ತಿರುಗಿ ಶುರುಮಾಡಿದವನು ನಾನು. ಅಂಗಡಿಗೆ ಒತ್ತಿಕೊಂಡೇ ಚಾಚಾನ ಛಪ್ಪರವಿತ್ತು. ಗೋರಿಕಲ್ಲಿನ ಮೇಲೆ ಹೆಸರು ಕೆತ್ತುವುದು ಅವರ ಕಸುಬು. ಓದಲು ಬರುತ್ತಿದ್ದುದು ಉರ್ದು ಒಂದೇ. ಇಂಗ್ಲಿಷ್ ಅಕ್ಷರ ಅವರಿಗೆ ಬರೀ ಗೆರೆ. ಆದರೆ ಒಮ್ಮೆ ಕಂಡ ಗೆರೆಯನ್ನು ಅವರ ಕೈ ಮರೆಯುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಪ್ರತಿವರ್ಷ, ಸತ್ತವರನ್ನು ನೆನೆಯುವ ಶಬ್-ಎ-ಬರಾತ್‌ಗೆ ಮುಂಚೆ ಆಕೆಯ ಗೋರಿಗೆ ತಾವೇ ಸುಣ್ಣ ಹೊಡೆದು ಬರುವರು. ನಿಲ್ಲಿಸಿದ ಕಲ್ಲಿನ ಬೆನ್ನಿಗಂತೂ ದಪ್ಪಗೆ, ಎರಡು ಸಲ. ಓಣಿಯವರೆಲ್ಲ ಅದನ್ನು ಪ್ರೀತಿ ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ವಿಲಾಯಿತಿಯಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಅವರ ಮುತ್ತಜ್ಜನ ಅಪ್ಪ ಬ್ರಿಟಿಷರ ಕಾಲದಲ್ಲಿ ಸಿರುಗುಪ್ಪದ ಕಡೆ ಹತ್ತಿ ವ್ಯಾಪಾರಕ್ಕೆ ಬಂದು, ಇಲ್ಲೇ ಮನೆಮಾಡಿ, ಇಲ್ಲೇ ಸತ್ತವನು. ಅವನು ಮದುವೆಯಾದದ್ದು ಯಾರನ್ನು ಎಂಬುದು ಅವರ ಮನೆಯ ಯಾವ ಕಾಗದದಲ್ಲೂ ಇರಲಿಲ್ಲ. ಗೋರಿಕಲ್ಲಿನ ಮೇಲಾದರೂ ಇದ್ದೀತೆಂದು ಹುಡುಕಿಕೊಂಡು ಬಂದಿದ್ದರು. ಹಳೆಯ ಸಾಮಾನಿನವನೆಂದು ಯಾರೋ ನನ್ನ ಹತ್ತಿರ ಕಳಿಸಿದರು. ಚೌಕಾಸಿ ಮಾಡಿ ಒಪ್ಪಿಕೊಂಡೆ. ಅವರನ್ನು ಲಾಡ್ಜಿನಲ್ಲಿ ಕೂರಿಸಿ ಬಿಸಿಲಲ್ಲಿ ನಾನೊಬ್ಬನೇ ತಿರುಗಿದೆ.

ದೇಶನೂರಿನ ಗದ್ದೆಯ ಅಂಚಿನಲ್ಲಿ ಮುರುಕು ಕಟ್ಟೆ ಸಿಕ್ಕಿತು, ಕಲ್ಲಿರಲಿಲ್ಲ. ನೀರು ಕಟ್ಟುತ್ತಿದ್ದ ಮುದುಕನೊಬ್ಬ ನಕ್ಕ. “ಕರೇ ಕಲ್ಲೇನ್ರಿ? ಕಾಲುವಿ ತೋಡುವಾಗ ಕಿತ್ತು ಒಗೆದಿದ್ರು. ಬ್ರೂಸ್‌ಪ್ಯಾಟ್ಯಾಗ ಗೋರಿಕಲ್ಲು ಕೆತ್ತೋರೊಬ್ರು ಬಂಡ್ಯಾಗ ಹಾಕ್ಕೊಂಡು ಹೋದ್ರು. ನಿಮ್ಮೂರಾಗ ಇಟ್ಕೊಂಡು ನಮ್ಮೂರಾಗ ಹುಡುಕ್ತೀರಲ್ಲ.”

ಮರಳಿ ಬಂದು ಚಾಚಾನನ್ನು ಕೇಳಿದೆ. ಅವರ ಉಳಿ ಜಾರಿತು. ಅಷ್ಟು ವರ್ಷಗಳಲ್ಲಿ ಅದು ಜಾರಿದ್ದನ್ನು ನಾನು ಕಂಡಿರಲಿಲ್ಲ.

“ಯಾವ ಕಲ್ಲು, ತಮ್ಮಾ? ನಾ ಏನೂ ನೋಡಿಲ್ಲ.”

ಆಮೇಲೆ ಮೂರು ದಿನ ಛಪ್ಪರ ತೆರೆಯಲಿಲ್ಲ. ಓಣಿಯಲ್ಲಿ ಕಾರಿನ ಸದ್ದಾದರೆ ಅವರ ಮನೆಯ ಪರದೆ ಅಲುಗುತ್ತಿತ್ತು.

ನಿಮಗೊಂದು ಮಾತು ಹೇಳುತ್ತೇನೆ. ಹಳೆಯದೇನನ್ನೇ ಕೊಳ್ಳುವಾಗ ಮುಂಬದಿಗೆ ಮರುಳಾಗಬೇಡಿ, ತಿರುವಿ ನೋಡಿ. ಗೆದ್ದಲು ಹಿಂದೆಯೇ ಇರುತ್ತದೆ. ನನಗೆ ಅನ್ನ ಹಾಕಿದ ಬುದ್ಧಿ ಅದು. ನಾಲ್ಕನೆಯ ದಿನ ಅದೇ ಬುದ್ಧಿ ನನ್ನನ್ನು ಖಬರಸ್ತಾನಕ್ಕೆ ಎಳೆದೊಯ್ದಿತು. ಚಾಚಿಯ ಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಸುಣ್ಣ ಕೆರೆದೆ. ಒಂದು ಇಂಗ್ಲಿಷ್ ಅಕ್ಷರ ಕಣ್ಣು ಬಿಟ್ಟಿತು.

“ಕೀಳಸ್ತೀ ಏನು?”

ಚಾಚಾ ಹಿಂದೆಯೇ ನಿಂತಿದ್ದರು.

“ಆಕಿ ಹೋದಾಗ ಕಲ್ಲು ತರಾಕ ಕೈಯಾಗ ಏನೂ ಇರ್ಲಿಲ್ಲ, ತಮ್ಮಾ. ಊರಿಗೆಲ್ಲಾ ಕೆತ್ತಿದವನ ಹೆಂಡ್ತಿ ಬರೇ ಮಣ್ಣಾಗ ಮಲಗಬೇಕೇನು ಅನ್ನಿಸ್ತು. ತಿರುವಿ ಹೆಸರು ಕೆತ್ತಿದ್ದು ಇದೊಂದ ಕಲ್ಲು, ಖುದಾನ ಆಣಿ. ಆದ್ರ ಯಾರು ನಂಬ್ತಾರ? ನಾಳೆ ಮಂದಿ ತಮ್ಮ ತಮ್ಮ ಕಲ್ಲು ಕಿತ್ತು ನೋಡಾಕ ಬರ್ತಾರ. ಆಕಿ ಕಲ್ಲನ್ನಂತೂ ಮೊದಲ ಒಯ್ತಾರ.”

ನನಗೆ ತಿಳಿದದ್ದು ಚೌಕಾಸಿ ಒಂದೇ. “ಅವರಿಗೆ ಕಲ್ಲು ಬ್ಯಾಡ್ರಿ, ಚಾಚಾ. ಹೆಸರು ಬೇಕು,” ಎಂದೆ.

ಅಂದು ಸಂಜೆ ಚಾಚಾ ನನ್ನ ಅಂಗಡಿಯ ಹಳೆಯ ಮೇಜಿನ ಮೇಲೆ ಕಾಗದ ಹಾಸಿ ಕೂತರು. ಅರ್ಥ ಗೊತ್ತಿಲ್ಲದ ಒಂಬತ್ತು ಸಾಲುಗಳನ್ನು ಕೈ ಎತ್ತದೆ ಬರೆದರು. ಪ್ರತಿವರ್ಷ ಮಳೆಗೆ ಸುಣ್ಣ ಉದುರುತ್ತಿತ್ತಂತೆ. ಮತ್ತೆ ಮೆತ್ತುವ ಮುಂಚೆ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ, ಮಾಫಿ ಕೇಳಿ, ಮುಚ್ಚುತ್ತಿದ್ದರಂತೆ.

ವಿಲಾಯಿತಿಯವರು ಕಾಗದ ಓದುತ್ತ ಹೋಗಿ ಕೊನೆಯ ಸಾಲಿನಲ್ಲಿ ನಿಂತರು. ಅಲ್ಲಿ ಕುರುಗೋಡಿನ ಹೆಣ್ಣುಮಗಳೊಬ್ಬಳ ಹೆಸರಿತ್ತು, ಆತನ ಹೆಂಡತಿ ಎಂದು. ಅದರ ಮೇಲೆ ಬೆರಳಿಟ್ಟು, ಆ ಕಲ್ಲನ್ನು ಒಮ್ಮೆ ಮುಟ್ಟಬೇಕು, ಎಲ್ಲಿದೆ ಎಂದರು. ಕಾಲುವೆಯ ತಳ ಸೇರಿತು, ಯಾರೋ ಮೊದಲೇ ನೋಡಿ ಬರೆದಿಟ್ಟಿದ್ದರು ಎಂದೆ. ವ್ಯಾಪಾರದಲ್ಲಿ ಸುಳ್ಳು ನನಗೆ ಹೊಸದಲ್ಲ. ಆದರೆ ಅಂದು ಅವರ ಮುಖ ನೋಡದೆ ಹೇಳಿದೆ.

ಚಾಚಾನ ಹೆದರಿಕೆ ಅಲ್ಲಿಗೆ ತೀರಲಿಲ್ಲ. “ಮತ್ತ ಬಂದ್ರೇನು ಹೇಳ್ತಿ?” ಎಂದು ಸಾಯುವ ತನಕ ಕೇಳುತ್ತಿದ್ದರು. ತಮಗೆ ಮಾತ್ರ ಕಲ್ಲು ಬೇಡ ಎಂದು ಹೇಳಿಟ್ಟಿದ್ದರು. ಚಾಚಿಯ ಪಕ್ಕದಲ್ಲಿ ಈಗ ಬರೀ ಒಂದು ದಿಣ್ಣೆ...

ಗೋಡೆಗೆ ಬಳಿದು ಉಳಿದ ಸುಣ್ಣವನ್ನು ಬಕೀಟಿನಲ್ಲಿ ಹಿಡಿದು ಮೊನ್ನೆ ಅಲ್ಲಿಗೆ ಹೋದೆ. ಖಬರಸ್ತಾನದ ಬಾಗಿಲಲ್ಲಿ ಕಾವಲಿನವನು ನಕ್ಕ. “ಏನ್ ಸಾವ್ಕಾರ್ರ, ಲಾಭ ಇಲ್ದ ಬಕೀಟು ಎತ್ತೋರಲ್ಲ ನೀವು.”

ವಿಲಾಯಿತಿಯವರ ಮೊಮ್ಮಗ ಪತ್ರ ಬರೆದಿದ್ದಾನೆ. ಚಳಿಗಾಲಕ್ಕೆ ಬರುತ್ತಾನಂತೆ, ಆ ಕಾಲುವೆ ತೋರಿಸಬೇಕಂತೆ. ಇದನ್ನು ಕಾವಲಿನವನಿಗೆ ಹೇಗೆ ಹೇಳಲಿ? ಮಳೆಗೆ ಕಲ್ಲಿನ ಬೆನ್ನು ಅರ್ಧ ತೊಳೆದುಹೋಗಿತ್ತು. ಕೊನೆಯ ಸಾಲು ಪೂರಾ ಬಯಲಾಗಿತ್ತು. ಆ ಕುರುಗೋಡಿನವಳ ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿದೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡೆ.

ಆಮೇಲೆ ಬಳಿದೆ. ದಪ್ಪಗೆ, ಎರಡು ಸಲ.